ಮೂರು ಕೆಂಪು ಕಂಡಿಕೆ

ನಮ್ಮ ಅತ್ತೆ ಗದಿಗೆವ್ವನಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಬೆಟಗೇರಿಯ ನಮ್ಮ ಓಣಿಯಲ್ಲಿ ಆಗ ಗಡಿಯಾರ ಇದ್ದ ಮನೆಗಳೇ ಎರಡೋ ಮೂರೋ. ಅವಳ ಹೊತ್ತೆಲ್ಲ ಕಂಡಿಕೆಯ ಲೆಕ್ಕದಲ್ಲಿ ನಡೆಯುತ್ತಿತ್ತು. ನೇಕಾರರ ಲಾಳಿಯೊಳಗೆ ಕೂಡಿಸುವ ಬೆರಳುದ್ದದ ನಳಿಗೆಗೆ ರಾಟೆ ತಿರುವಿ ನೂಲು ಸುತ್ತಿ ತುಂಬಿಸಿದರೆ ಅದೇ ಕಂಡಿಕೆ. ಮಗ ಮಗ್ಗದ ಕುಣಿಯಲ್ಲಿ ಕುಳಿತು ನೇಯುತ್ತಿದ್ದರೆ ತಾಯಿ ಗೋಡೆಗೆ ಮುಖ ಮಾಡಿ ಕುಳಿತು ದಿನವಿಡೀ ಕಂಡಿಕೆ ಸುತ್ತುತ್ತಿದ್ದಳು.

"ಅನ್ನ ಇಳಸಾಕ ಇನ್ನ ಎರಡ ಕಂಡಿಕಿ ಹೊತ್ತೈತಿ, ಈಗ ಮುಚ್ಚಳ ತಗೀಬ್ಯಾಡ," ಎನ್ನುತ್ತಿದ್ದಳು. "ಹಾಲಿನವ ಬಂದು ಹೋಗಿ ನಾಕ ಕಂಡಿಕಿ ಆತು, ಎಲ್ಲಿ ಹೋಗಿದ್ದಿ ನೀನು?"

ಲಕ್ಷ್ಮೇಶ್ವರದಲ್ಲಿ ಏಳನೆಯ ಇಯತ್ತೆಯವರೆಗೆ ಓದಿ ಬಂದ ಸೊಸೆ ನಾನು. ಮೊದಮೊದಲು ಸೆರಗಿನ ಮರೆಯಲ್ಲಿ ನಕ್ಕೆ. ಆಮೇಲೆ ನಗು ನಿಂತಿತು, ಯಾಕೆಂದರೆ ಅನ್ನ ಎಂದೂ ಹೊತ್ತಲಿಲ್ಲ. ಜ್ವರ ಬಂದ ದಿನವೂ ಅವಳ ಕೈ ಅದೇ ಓಟದಲ್ಲಿ ತಿರುಗುತ್ತಿತ್ತು, ಕಂಡಿಕೆ ಅದೇ ದಪ್ಪಕ್ಕೆ ತುಂಬುತ್ತಿತ್ತು. ಇಪ್ಪತ್ತೆರಡು ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು, ಹತ್ತು ಮನೆಯ ಮಗ್ಗಗಳಿಗೆ ಕಂಡಿಕೆ ಸುತ್ತಿಕೊಟ್ಟು ಬದುಕಿದವಳು. ಓಣಿಯ ಮಗ್ಗಗಳ ಖಟಖಟದಲ್ಲೇ ಮುದುಕಿಯಾಗಿ ಕಿವಿ ಅರ್ಧ ಮಂದವಾಗಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಇಬ್ಬರಿಗೂ ಒಂದೇ ಕಾಲ, ಇಬ್ಬರ ಬಾಯಿಯೂ ಜೋರು. ಇಬ್ಬರೂ ತಗ್ಗಿದ್ದು ಒಂದೇ ಒಂದು ಜೀವಕ್ಕೆ, ನನ್ನ ಮಗಳು ಕಳಕವ್ವನಿಗೆ.

ಕಳಕವ್ವನಿಗೆ ಆಗ ಏಳು ವರ್ಷ. ಎರಡನೆಯ ಇಯತ್ತೆ. ಹದಿನೈದರವರೆಗಿನ ಮಗ್ಗಿಯನ್ನು ಉಸಿರು ಬಿಡದೆ ಹೇಳುತ್ತಿದ್ದಳು. ಆದರೆ ಕೆಲಸದ ವಿಷಯಕ್ಕೆ ಬಂದರೆ ಬಲು ಕಳ್ಳಿ. ನೂಲಿನ ಲಡಿ ಬಿಡಿಸಿಕೊಡು ಎಂದರೆ ಅಲ್ಲೇ ದೊಪ್ಪನೆ ಬಿದ್ದು, ನಾಲಿಗೆ ಹೊರಗೆ ಚಾಚಿ ಸತ್ತವಳ ಹಾಗೆ ಮಲಗಿಬಿಡುವಳು. ಅತ್ತೆ ಹೊಳ್ಳಿ ಕೂಡ ನೋಡುತ್ತಿರಲಿಲ್ಲ. "ಸಾಯಿ, ಸಾಯಿ. ಸತ್ತಾಕಿಗೆ ಉಂಡಿ ಕೊಡಂಗಿಲ್ಲ ನೋಡು," ಅನ್ನುವಳು. ಹೆಣ ಎದ್ದು ಕುಳಿತು, "ಆಯಿ" ಎಂದು ಅಜ್ಜಿಯನ್ನು ಕರೆದು ಉಂಡಿ ಕೇಳುತ್ತಿತ್ತು.

ಎಪ್ಪತ್ತೊಂಬತ್ತರ ಶ್ರಾವಣದಲ್ಲಿ ಒಂದು ಮಧ್ಯಾಹ್ನ. ಕಪ್ಪು ಒಡಲಿನ, ಕೆಂಪು ಅಂಚಿನ ಸೀರೆ ಮಗ್ಗದ ಮೇಲಿತ್ತು. ನಮ್ಮವರು ನೇಯ್ದ ಸೀರೆ ಕೊಡಲು ಗದಗಿಗೆ ಹೋಗಿದ್ದರು. ನಾನು ಎರಡು ಕೊಡ ಹಿಡಿದು ನಳದ ಕಡೆ ಹೊರಟಾಗ ಅತ್ತೆಯ ಕಪ್ಪು ನೂಲು ಮುಗಿದಿತ್ತು, ಕೆಂಪು ಕಂಡಿಕೆ ಇನ್ನೂ ಒಂದೂ ಸುತ್ತಿರಲಿಲ್ಲ. "ಕೆಂಪ ಲಡಿ ಬಿಡಿಸಿ ಕೊಡ ನಮ್ಮವ್ವಾ," ಎಂದು ಮೊಮ್ಮಗಳನ್ನು ಕರೆದದ್ದು ನನ್ನ ಕಿವಿಗೆ ಬಿತ್ತು. ನಳದ ಮುಂದೆ ದೊಡ್ಡ ಸಾಲು. ಕೊಡ ತುಂಬಿಸಿಕೊಂಡು ತಿರುಗಿ ಬರುವಾಗ ನಮ್ಮ ಬಾಗಿಲಲ್ಲಿ ಜನ ಸೇರಿದ್ದರು. ಪಕ್ಕದ ಮನೆಯ ರೋಶನಬಿ ಕಳಕವ್ವನ ಮೂಗಿಗೆ ಚಪ್ಪಲಿ ಹಿಡಿದಿದ್ದಳು. ಹುಡುಗಿಯ ಮುಷ್ಟಿಯಲ್ಲಿ ಕಬ್ಬಿಣದ ಬೀಗದಕೈ ಗೊಂಚಲು. ಬಾಯಿಂದ ನೊರೆ, ಕಣ್ಣು ಬೆಳ್ಳಗೆ ಮೇಲೆ ಸಿಕ್ಕಿತ್ತು. ನಾನು ಕೊಡ ಇಳಿಸುವಷ್ಟರಲ್ಲಿ ಮೈ ಸಡಿಲವಾಯಿತು. ಲಂಗ ಒದ್ದೆಯಾಗಿತ್ತು. ಕೂಸು ಗೊರಕೆ ಹೊಡೆಯತೊಡಗಿತು.

ನಾನು ಅತ್ತೆಯನ್ನು ನೋಡಿದೆ. ಅವಳ ಮುಖದಲ್ಲಿ ರಕ್ತ ಇರಲಿಲ್ಲ. "ಈಗ ಬಿದ್ಲು, ಈಗ," ಎಂದಷ್ಟೇ ಹೇಳುತ್ತಿದ್ದಳು.

ಸಂಜೆ ನಮ್ಮವರು ಬಂದೊಡನೆ ಟಾಂಗಾ ಮಾಡಿಕೊಂಡು ಗದಗಿಗೆ ಹೋದೆವು. ಮಕ್ಕಳ ಡಾಕ್ಟರು ಮಾತಿನಲ್ಲಿ ಬಿರುಸು, ಕೈಯಲ್ಲಿ ಮೆದು. ಕಣ್ಣಿಗೆ ಬ್ಯಾಟರಿ ಹಿಡಿದರು, ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿದರು. ಜ್ವರ ಇತ್ತೇ? ಇಲ್ಲ. ಮೊದಲು ಎಂದಾದರೂ ಬಂದಿತ್ತೇ? ಇಲ್ಲ. ಮನೆತನದಲ್ಲಿ ಯಾರಿಗಾದರೂ? ಇಲ್ಲ.

"ಬಿದ್ದಾಗ ಯಾರು ನೋಡಿದ್ರಿ?"

"ನಾನರಿ," ಅಂದಳು ಅತ್ತೆ.

"ಎಷ್ಟ ನಿಮಿಷ ಇತ್ತು ಅಜ್ಜಿ?"

ಅತ್ತೆ ನಮ್ಮವರ ಮುಖ ನೋಡಿದಳು. "ನಿಮಿಷ ನನಗ ತಿಳಿಯಂಗಿಲ್ರಿ. ಕಣ್ಣ ಮುಚ್ಚಿ ತಗೀಯೂದ್ರಾಗ ಆಗಿಹೋತು."

ಡಾಕ್ಟರು ನಮ್ಮಿಬ್ಬರ ಕಡೆ ತಿರುಗಿದರು. "ನೋಡ್ರಿ, ಮೂರ್ಛೆ ಒಮ್ಮೆ ಬಂದದ್ದು ಮತ್ತ ಬರಬೇಕಂತೇನಿಲ್ಲ. ಎಷ್ಟೋ ಹುಡುಗರಿಗೆ ಒಮ್ಮೆ ಬಂದು ಹೋಗತೈತಿ. ಗುಳಿಗಿ ಸುರು ಮಾಡಿದ್ರ ನಾಕ ವರ್ಷ ನುಂಗಬೇಕು. ಒಂದ ದಿನ ತಪ್ಪಂಗಿಲ್ಲ, ನಿಮ್ಮ ಮನಸಿಗೆ ಬಂದಾಗ ಬಿಡಂಗಿಲ್ಲ. ಹುಡುಗಿ ತೂಕಡಸ್ತಾಳ, ಸಿಟ್ಟ ಮಾಡ್ತಾಳ, ಓದಿನಾಗ ಹಿಂದ ಬಿದ್ರೂ ಬಿದ್ದಳು. ಒಂದೆರಡ ನಿಮಿಷದ್ದು ಅಂದ್ರ ನಾ ಕಾಯ್ದು ನೋಡತೀನಿ. ಕಾಲ ತಾಸು ದಾಟಿತ್ತು ಅಂದ್ರ ಇವತ್ತ ಸುರು ಮಾಡತಿದ್ದೆ. ಯಾಕಂದ್ರ ಅಂಥಾದ್ದು ಹೊಳ್ಳಿ ಬಂದ್ರ, ತಾನಾಗೇ ನಿಲ್ಲತೈತಿ ಅನ್ನೂ ಭರವಸೆ ನನಗಿಲ್ಲ." ಮತ್ತೆ ಅತ್ತೆಯ ಕಡೆ ಬಗ್ಗಿ ಗಟ್ಟಿಯಾಗಿ ಕೇಳಿದರು: "ಕಾಲ ತಾಸು ಆಗಿರಲಿಲ್ಲಲ್ಲ?"

"ಅಷ್ಟೆಲ್ಲ ಎಲ್ಲಿದರಿ," ಅಂದಳು.

ನನಗೆ ಹೋದ ಜೀವ ಬಂದಂತಾಯಿತು. ಸುಳ್ಳೇಕೆ ಹೇಳಲಿ, ಆ ಗುಳಿಗೆಯೆಂದರೇ ನನಗೆ ಅಂಜಿಕೆ. ರೋಶನಬಿಯ ತಂಗಿಯ ಮಗನನ್ನು ಮುಂಡರಗಿಯಲ್ಲಿ ಕಣ್ಣಾರೆ ಕಂಡಿದ್ದೆ. ಅದೇ ಗುಳಿಗೆ ನುಂಗುತ್ತ ಆ ಹುಡುಗ ಕಟ್ಟೆಯ ಮೇಲೆ ಕುಳಿತಲ್ಲೇ ತೂಗುತ್ತಿದ್ದ, ಹೆಸರು ಕೇಳಿದರೆ ಹೇಳಲು ಹೊತ್ತು ಹಿಡಿಯುತ್ತಿತ್ತು. ನನ್ನನ್ನು ಏಳನೆಯ ಇಯತ್ತೆಗೆ ಶಾಲೆ ಬಿಡಿಸಿದಾಗ ನಾನು ಮೂರು ದಿನ ಉಂಡಿರಲಿಲ್ಲ. ನನ್ನ ಮಗಳು ಓದಬೇಕು, ಶಿಕ್ಷಕಿಯಾಗಬೇಕು ಎಂದು ಅವಳು ಹುಟ್ಟಿದಾಗಲೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದೆ. ಅದರ ಮೇಲೆ ಊರಿನ ಬಾಯಿ ಬೇರೆ. ಗುಳಿಗೆ ನುಂಗುವ ಹುಡುಗಿಯನ್ನು ನಾಳೆ ಯಾರು ಮಾಡಿಕೊಳ್ಳುತ್ತಾರೆ? "ಗುಳಿಗಿ ಬ್ಯಾಡರಿ, ಕಾಯೂಣು," ಎಂದೆ. ನಮ್ಮವರು ಹೂಂ ಅಂದರು.

ಮನೆಗೆ ಬಂದು ದೀಪ ಹಚ್ಚಿ, ಹರಡಿ ಬಿದ್ದಿದ್ದ ಸಾಮಾನು ಎತ್ತಿಡತೊಡಗಿದೆ. ಕಂಡಿಕೆಯ ಬುಟ್ಟಿ ಎತ್ತಿದೆ. ಕಪ್ಪು ಕಂಡಿಕೆಗಳ ಮೇಲೆ ಕೆಂಪು ಕಂಡಿಕೆ ಮೂರು ಇದ್ದವು. ಮೂರೂ ತುಂಬಿದವು, ಅತ್ತೆಯ ಕೈಯ ದಪ್ಪದವು.

"ಕಳಕೀ, ಬೀಳೂ ಮುಂಚೆ ಏನ ಮಾಡಾಕ ಹತ್ತಿದ್ದಿ?" ಎಂದು ಕೇಳಿದೆ.

"ಕೆಂಪ ಲಡಿ ಬಿಡಿಸಿ ಆಯಿ ಕೈಯಾಗ ಕೊಟ್ಟೆ. ಆಮ್ಯಾಲೆ ಟಾಂಗಾದಾಗ ಇದ್ದೆ."

ಬುಟ್ಟಿ ನನ್ನ ಕೈಯಲ್ಲೇ ಇತ್ತು. ಲಡಿ ಕೊಟ್ಟು ಹುಡುಗಿ ಅತ್ತೆಯ ಬೆನ್ನ ಹಿಂದೆ ಬಿದ್ದಿದ್ದಾಳೆ. ಅತ್ತೆ ಗೋಡೆಗೆ ಮುಖ ಮಾಡಿ ಒಂದಲ್ಲ, ಎರಡಲ್ಲ, ಮೂರು ಕಂಡಿಕೆ ಸುತ್ತಿದ್ದಾಳೆ. ಮೂರು ಕಂಡಿಕೆಯ ಹೊತ್ತಿಗೆ ನಮ್ಮ ಮನೆಯಲ್ಲಿ ಬೇಳೆ ಬೇಯುತ್ತದೆ. ಗಡಿಯಾರ ಬಲ್ಲವಳು ನಾನು, ಕಾಲು ತಾಸು ದಾಟಿದೆ ಎಂದು ತಿಳಿಯಲು ನನಗೆ ಯಾರೂ ಬೇಕಿರಲಿಲ್ಲ.

ಆಗಲೇ ಕೇಳಬೇಕಿತ್ತು. ಜಗಳಕ್ಕೆ ನೆವ ಹುಡುಕುವ ನಾನು, ಉಪ್ಪು ಹೆಚ್ಚಾಯಿತು ಎಂದರೆ ಮೂರು ದಿನ ಮಾತು ಬಿಡುವ ನಾನು, ಆ ರಾತ್ರಿ ಬುಟ್ಟಿಯನ್ನು ಮೂಲೆಗಿಟ್ಟು ಸುಮ್ಮನಾದೆ. ಬಾಯಿ ಬಿಟ್ಟರೆ ಬಣ್ಣಗೇಡು. ಕೇಳಿದರೆ ಅವಳು ಹೇಳಿಬಿಟ್ಟಾಳು, ಹೇಳಿದರೆ ಗುಳಿಗೆ ಸುರುವಾಗುತ್ತದೆ. ಅವಳ ಸುಳ್ಳು ನನಗೂ ಬೇಕಾಗಿತ್ತು.

ಮೂರು ದಿನ ಹೇಗೆ ಕಳೆದವೋ ನಾನೇ ಬಲ್ಲೆ. ಹುಡುಗಿ ಒಲೆಯ ಹತ್ತಿರ ಹೋದರೆ ರಟ್ಟೆ ಹಿಡಿದು ಈಚೆಗೆ ಎಳೆಯುತ್ತಿದ್ದೆ. ಹಿತ್ತಲ ಬಾವಿಗೆ ಹಲಗೆ ಮುಚ್ಚಿ ಮೇಲೆ ಒರಳುಗಲ್ಲು ಇಟ್ಟೆ. ಶಾಲೆಗೆ ಹೋಗುವಾಗ ಹಿಂದಿಂದೆ ಹೋಗಿ ಗೇಟಿನ ಆಚೆ ನಿಲ್ಲುತ್ತಿದ್ದೆ. ಕಳ್ಳನ ಜೀವ ಹುಳ್ಳಹುಳ್ಳಗೆ ಅನ್ನುವುದು ಖರೆ. ಅತ್ತೆ ನನ್ನ ಮುಖ ನೋಡುತ್ತಿರಲಿಲ್ಲ, ನಾನು ಅವಳ ಮುಖ ನೋಡುತ್ತಿರಲಿಲ್ಲ. ಅವಳು ರಾಟೆಯನ್ನು ತಿರುಗಿಸಿ ಇಟ್ಟುಕೊಂಡು ಗೋಡೆಗೆ ಬೆನ್ನು ಮಾಡಿ ಕುಳಿತುಕೊಳ್ಳತೊಡಗಿದಳು. ನಲವತ್ತು ವರ್ಷದಲ್ಲಿ ಹಾಗೆ ಕುಳಿತವಳಲ್ಲ. ನೂಲು ಎರಡೆರಡು ಸಲ ಹರಿಯಿತು. ನಮ್ಮವರು ಮಗ್ಗದಿಂದಲೇ, "ಯಾಕವ್ವಾ, ಇವತ್ತ ಕಂಡಿಕಿ ಬಾಳ ಸಡ್ಲ ಅದಾವಲ್ಲ?" ಎಂದು ಕೇಳಿದರು. ಅವಳು ಹರಿದ ನೂಲಿಗೆ ಗಂಟು ಹಾಕುತ್ತಿದ್ದಳು.

ಮೂರನೆಯ ದಿನ ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದೆ. ಕಳಕವ್ವ ಪಾಟಿ ಹಿಡಿದು ಪಡಸಾಲೆಯಲ್ಲಿ ಕುಳಿತಿದ್ದಳು. ದೊಪ್ಪನೆ ಸದ್ದಾಯಿತು. ಓಡಿ ಬಂದೆ. ನೆಲದ ಮೇಲೆ ಬಿದ್ದಿದ್ದಳು, ಕಣ್ಣು ಮುಚ್ಚಿ, ನಾಲಿಗೆ ಹೊರಗೆ ಚಾಚಿ. ನಾನು ಮುಟ್ಟುವ ಮೊದಲೇ ಅತ್ತೆ ರಾಟೆಯನ್ನು ತಳ್ಳಿ ಅಂಬೆಗಾಲಿನಲ್ಲಿ ಧಾವಿಸಿ ಬಂದು ಕೂಸಿನ ಎದೆಯ ಮೇಲೆ ಬಿದ್ದಳು.

ಕಳಕವ್ವ ಒಂದು ಕಣ್ಣು ತೆರೆದು, "ಆಯಿ, ಉಂಡಿ," ಅಂದಳು.

ನಾನು ಹುಡುಗಿಯ ರಟ್ಟೆ ಹಿಡಿದೆತ್ತಿ ಹಿಟ್ಟಿನ ಕೈಯಿಂದಲೇ ಹೊಡೆದೆ. ಒಂದು ಏಟು ಸಾಕಾಗಿತ್ತು, ನಾನು ನಾಲ್ಕು ಹೊಡೆದೆ. ಅತ್ತೆ ನಡುವೆ ಬಂದಳು.

"ಬಡೀಬ್ಯಾಡ ಸುಮಿತ್ರಾ. ಕೂಸಿನ ತಪ್ಪಲ್ಲ. ಅವತ್ತೂ ನಾ ಹಿಂಗ..."

"ರೊಟ್ಟಿ ಹೊತ್ತಾಕ ಹತ್ತೈತಿ," ಎಂದು ನಾನು ಒಳಗೆ ನಡೆದುಬಿಟ್ಟೆ.

ಅವಳು ಹೇಳಲು ಬಾಯಿ ತೆರೆದಿದ್ದಳು. ಅದನ್ನು ಮುಚ್ಚಿಸಿದವಳು ನಾನು. ಇದನ್ನು ಬರೆಯುವಾಗ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಮರುದಿನ ಹುಡುಗಿಯನ್ನು ಶಾಲೆಗೆ ಕಳಿಸಲಿಲ್ಲ. ಮುಂಜಾನೆ ಹಿತ್ತಲಲ್ಲಿ ಬಟ್ಟೆ ಒಗೆದು ಒಳಗೆ ಬಂದಾಗ ಅತ್ತೆಯ ಜಾಗ ಬರಿದಾಗಿತ್ತು. ರಾಟೆಯೂ ಇರಲಿಲ್ಲ. ರೋಶನಬಿ ತನ್ನ ಹೊಸ್ತಿಲಿನಿಂದಲೇ ಕೂಗಿದಳು: "ಸುಮಿತ್ರಾ, ನಿಮ್ಮತ್ತಿ ರಾಟಿ ತಲಿ ಮ್ಯಾಲೆ ಹೊತ್ಕೊಂಡು ಗದಗಿನ ದಾರಿ ಹಿಡದಾಳ. ಎಲ್ಲಿಗೆ ಅಂದ್ರ ಹೊಳ್ಳಿ ನೋಡ್ಲಿಲ್ಲ. ಮನ್ಯಾಗ ಏನರ ಜಗಳಾತೇನು?"

ನನಗೆ ಎಲ್ಲಿಗೆ ಎಂದು ತಿಳಿಯಿತು. ಹುಡುಗಿಯನ್ನು ನಮ್ಮವರ ಮಗ್ಗದ ಪಕ್ಕ ಕೂಡಿಸಿ, "ಇಕಿ ಮ್ಯಾಲೆ ಕಣ್ಣಿಡ್ರಿ," ಎಂದು ಹೇಳಿ ಓಡಿದೆ. ಓಡುವ ದಾರಿಯಲ್ಲೂ ನನ್ನ ಮನಸ್ಸು ಎಂಥ ಹೊಲಸು ನೋಡಿ, ಅವಳು ಬಾಯಿ ಬಿಡುವ ಮೊದಲು ಮುಟ್ಟಬೇಕು, ಏನೋ ನೆವ ಹೇಳಿ ಕರೆದುಕೊಂಡು ಬರಬೇಕು ಎಂದೇ ಲೆಕ್ಕ ಹಾಕುತ್ತಿತ್ತು.

ದವಾಖಾನೆಯಲ್ಲಿ ಜನ ಕೂಡುವ ಬಾಕುಗಳು ತುಂಬಿದ್ದವು. ಕೂಸು ಎತ್ತಿಕೊಂಡ ಹೆಂಗಸರು ಗೋಡೆಗುಂಟ ನಿಂತಿದ್ದರು. ಎಲ್ಲರ ಕಣ್ಣೂ ಒಂದೇ ಕಡೆ. ನಡುಮನೆಯ ನೆಲದ ಮೇಲೆ ನಮ್ಮತ್ತೆ ಕುಳಿತು ರಾಟೆ ತಿರುವುತ್ತಿದ್ದಳು. ಕದಿರಿಗೆ ಸಿಗಿಸಿದ ನಳಿಗೆಯ ಮೇಲೆ ಕೆಂಪು ನೂಲು ಏರುತ್ತಿತ್ತು. ಒಂದು ತುಂಬಿದ ಕಂಡಿಕೆ ಅವಳ ಮೊಣಕಾಲ ಬಳಿ ಇತ್ತು. ಡಾಕ್ಟರು ಬಾಗಿಲಿಗೆ ಒರಗಿ ನಿಂತು ಗೋಡೆಯ ಗಡಿಯಾರ ನೋಡುತ್ತಿದ್ದರು.

"ಏನಿದು?" ಎಂದು ಕಂಪೌಂಡರನನ್ನು ಮೆಲ್ಲಗೆ ಕೇಳಿದೆ.

"ನಿಮಿಷ ಹೇಳಾಕ ಬರಂಗಿಲ್ಲ, ಸುತ್ತಿ ತೋರಸ್ತೀನಿ, ನೀವು ಗಡಿಯಾರ ನೋಡಿಕೊಳ್ರಿ ಅಂದ್ಲು ಮುದಕಿ. ನಾವು ನಕ್ವಿ. ಸಾಹೇಬ್ರು, ಸುತ್ತಲಿ ಬಿಡ್ರಿ ಅಂದ್ರು."

ಎರಡನೆಯ ಕಂಡಿಕೆ ತುಂಬಿತು. ಅದನ್ನು ತೆಗೆದು ಮೊದಲಿನದರ ಪಕ್ಕ ಇಟ್ಟು, ಬರಿದಾದ ಇನ್ನೊಂದು ನಳಿಗೆ ಸಿಗಿಸಿದಳು. ನನ್ನನ್ನು ನೋಡಿದಳು. ಕೈ ನಿಲ್ಲಿಸಲಿಲ್ಲ. ಮೂರು ದಿನ ಸಡಿಲ ಸುತ್ತಿದ ಕೈ ಈಗ ಎಂದಿನ ಓಟಕ್ಕೆ ಬಂದಿತ್ತು, ಜಲ್ದಿಯೂ ಇಲ್ಲ, ತಡವೂ ಇಲ್ಲ. ಬೇಗ ಮುಗಿಸಲಿ ಎಂದು ನಾನು ಹಲ್ಲು ಕಚ್ಚಿದೆ. ಆ ಒಂದು ಕಂಡಿಕೆ ಮುಗಿಯಲೊಲ್ಲದು. ನನ್ನ ಕೂಸು ನೆಲದ ಮೇಲೆ ಇಷ್ಟು ಹೊತ್ತು, ಇನ್ನೂ ಇಷ್ಟು ಹೊತ್ತು ಹೊಡೆದುಕೊಂಡಿತ್ತು ಎಂಬುದು ಆಗ ನನ್ನ ಮೈಗೆ ತಿಳಿಯಿತು. ಬುಟ್ಟಿಯಲ್ಲಿ ಮೂರು ಎಣಿಸಿದಾಗ ಅದು ಬರೀ ಲೆಕ್ಕವಾಗಿತ್ತು. ನಾನು ಗೋಡೆ ಹಿಡಿದು ಕುಳಿತೆ.

ಮೂರನೆಯದನ್ನು ತೆಗೆದಿಟ್ಟು ಅತ್ತೆ ರಾಟೆ ನಿಲ್ಲಿಸಿದಳು.

"ಇಲ್ಲಿಗೆ ಬಂದಾಗ ಇನ್ನೊಂದ ಲಡಿ ಬೇಕಾತ್ರಿ. ಕೊಡವ್ವಾ ಅಂತ ಹೊಳ್ಳಿ ನೋಡೀನಿ. ಆಗೂ ಕೂಸು ಒದ್ದಾಡಾಕ ಹತ್ತಿತ್ತು."

"ಇಪ್ಪತ್ತೊಂದ ನಿಮಿಷ," ಅಂದರು ಡಾಕ್ಟರು. ಅವರ ಮುಖ ಕೆಂಪಾಗಿತ್ತು. "ಅವತ್ತ ಯಾಕ ಸುಳ್ಳ ಹೇಳಿದಿ ಅಜ್ಜಿ? ಈ ಮೂರ ದಿನದಾಗ ಹೊಳ್ಳಿ ಬಂದಿದ್ರ ಏನ ಮಾಡ್ತಿದ್ದಿ?"

"ಬಿದ್ದ ಸಪ್ಪಳ ಕೇಳಿತ್ತರಿ ನನಗ. ದಿನಾ ಹಂಗ ಬಿದ್ದು ಆಟ ಮಾಡ್ತಾಳ, ಇವತ್ತೂ ಆಟ ಅನ್ಕೊಂಡೆ. ಸಾಯಿ ಅಂದ್ನಿ, ಬಾಯಿಲೇ ಅಂದ್ನಿ. ಬೆನ್ನ ಹಿಂದ ಮೊಮ್ಮಗಳು ಹಂಗ ಒದ್ದಾಡಾಕ ಹತ್ತಿದ್ರ ಕಂಡಿಕಿ ಸುತ್ತಿಕೋಂತ ಕುಂತಿದ್ದೆ ಅಂತ ಮಗನ ಮುಂದ ಹೆಂಗ ಹೇಳ್ಲಿರಿ?"

ಬಾಕಿನ ಮೇಲಿದ್ದ ಒಬ್ಬ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಡಾಕ್ಟರು ನನ್ನನ್ನು ಆಗ ಗುರುತಿಸಿದರು. "ನೀವು ತಾಯಿ ಅಲ್ಲೇನು? ನಿಮಗ ಗೊತ್ತಿರಲಿಲ್ಲ?"

ನಾನು ನೆಲದ ಮೇಲಿನ ಮೂರು ಕಂಡಿಕೆ ನೋಡಿದೆ.

"ಅಕಿಗೇನ ಗೊತ್ತರಿ," ಅಂದಳು ಅತ್ತೆ. "ಅಕಿ ನೀರಿಗೆ ಹೋಗಿದ್ಲು."

ನಾನು ಸುಮ್ಮನಿದ್ದೆ. ಡಾಕ್ಟರು ಅತ್ತೆಗೆ ಇನ್ನೂ ನಾಲ್ಕು ಮಾತು ಬೈದರು, ಅವಳು ತಲೆ ತಗ್ಗಿಸಿ ಬೈಸಿಕೊಂಡಳು. ಚೀಟಿ ಬರೆದು, ಮನೆ ಮುಟ್ಟಿದ ಕೂಡಲೇ ಮೊದಲ ಗುಳಿಗೆ ಕೊಡಿ, ಆಮೇಲೆ ದಿನಾ ರಾತ್ರಿ ಒಂದು, ನಾಳೆ ಹುಡುಗಿಯನ್ನು ಕರೆದುಕೊಂಡು ಬನ್ನಿ ಎಂದರು. ಮುಂದೆ ಆ ಗುಳಿಗೆ ನಾಲ್ಕು ವರ್ಷ ನಡೆಯಿತು. ನಾನು ಅಂಜಿದ್ದೆಲ್ಲ ಆಯಿತು. ಹುಡುಗಿ ತೂಕಡಿಸಿದಳು, ಸಿಡಿಮಿಡಿ ಮಾಡಿದಳು, ಮೂರನೆಯ ಇಯತ್ತೆಯನ್ನು ಎರಡು ಸಲ ಓದಿದಳು. ಮೂರ್ಛೆ ಮತ್ತೊಮ್ಮೆ ಬಂತು, ಒಂದೇ ಸಲ, ಎರಡು ನಿಮಿಷದಲ್ಲಿ ತಾನೇ ಬಿಟ್ಟಿತು.

ಬೆಟಗೇರಿಯ ದಾರಿಯಲ್ಲಿ ಅತ್ತೆ ರಾಟೆ ಹೊತ್ತು ಮುಂದೆ ನಡೆದಳು. ರಾಟೆ ಕೊಡಿರಿ ಎಂದರೆ ಕೊಡಲಿಲ್ಲ. ಓಣಿಯ ತಿರುವಿಗೆ ಬಂದಾಗ ಅವಳೇ ಅಂದಳು:

"ಅವತ್ತ ಬುಟ್ಟಿ ಎತ್ತಿಟ್ಟಾಕಿ ನೀನ ಅಲ್ಲ?"

ನನ್ನ ಕಾಲು ನಿಂತವು. "ಹೌದ್ರಿ."

"ಎಣಿಸಿದ್ದಿ."

"ಎಣಿಸಿದ್ದೆ. ಮತ್ತ ಅಲ್ಲಿ ಯಾಕ ಹೇಳ್ಲಿಲ್ರಿ ನೀವು?"

"ನಾಳೆ ಕೂಸನ್ನ ಕರಕೊಂಡು ಅವರ ಮುಂದ ನಿಲ್ಲಾಕಿ ನೀನು. ಬೈಸಿಕೊಳ್ಳಾಕ ನಾ ಒಬ್ಬಾಕಿ ಸಾಕು. ನಡಿ."

ಮನೆಯಲ್ಲಿ ಅತ್ತೆಯೇ ಮಗನ ಮುಂದೆ ನಿಂತು ಎಲ್ಲ ಹೇಳಿದಳು. ನಮ್ಮವರು ತಾಯಿಗೆ ಒಂದು ದಿನ ಎದುರು ಮಾತಾಡಿದವರಲ್ಲ. ಅವತ್ತು ಕುಣಿಯಿಂದ ಎದ್ದು ನಿಂತು ಕೂಗಾಡಿದರು. "ನನ್ನ ಮಗಳು ಸಾಯಾಕ ಹತ್ತಿದ್ಲು, ನಿನಗ ಕಂಡಿಕಿ ಹೆಚ್ಚಾದ್ವೇನು? ಮೂರ ದಿನ, ಮೂರ ದಿನ ಸುಳ್ಳ ಹೇಳಿದಿ. ಕೂಸಿನಕಿಂತ ನಿನ್ನ ಮಾನ ದೊಡ್ಡದಾತೇನವ್ವಾ? ಇನ್ನ ಮ್ಯಾಲೆ ನನ್ನ ಮಗಳ ಹತ್ರ ನೀ..."

"ಅವರಿಗೆ ಅನಬ್ಯಾಡ್ರಿ," ಅಂದೆ. ನನ್ನ ದನಿ ನನಗೇ ಬೇರೆಯವರ ದನಿಯಂತೆ ಕೇಳಿಸಿತು. "ನನಗೂ ಗೊತ್ತಿತ್ತು. ಮೊದಲನೇ ದಿನಾನ ಬುಟ್ಟ್ಯಾಗಿನ ಕಂಡಿಕಿ ಎಣಿಸೀನಿ. ಗುಳಿಗಿ ಬ್ಯಾಡಾಗಿತ್ತು ನನಗ, ಅದಕ ಬಾಯಿ ಮುಚ್ಚಿಕೊಂಡಿದ್ದೆ. ಅವರರ ಕಿವಿ ಮಂದ ಇದ್ದು ಕುಂತ್ರು. ನಾ ಎಲ್ಲಾ ತಿಳಿದು ಕುಂತೆ."

ನಮ್ಮವರು ನನ್ನನ್ನು ನೋಡಿದರು, ತಾಯಿಯನ್ನು ನೋಡಿದರು. ಅಲ್ಲೇ ಮಗ್ಗದ ದಂಡೆಯ ಮೇಲೆ ಕುಸಿದು ಕುಳಿತರು.

"ಜಗಳ ಆಮ್ಯಾಲೆ ಆಡೂಣು," ಅಂದಳು ಅತ್ತೆ. "ಮೊದಲ ಕೂಸಿಗೆ ಗುಳಿಗಿ ಕೊಡ್ರಿ."

ನಾನು ಗುಳಿಗೆಯನ್ನು ಚಮಚದಲ್ಲಿ ಅರೆದು ಬೆಲ್ಲದ ನೀರಿನಲ್ಲಿ ಕಲಸಿದೆ. ಕಳಕವ್ವ ಅಪ್ಪನ ಕೂಗಾಟಕ್ಕೆ ಅಂಜಿ ಮೂಲೆ ಹಿಡಿದಿದ್ದಳು. ಅತ್ತೆ ಹೋಗಿ ಅವಳನ್ನು ತೊಡೆಯ ಮೇಲೆ ಕೂಡಿಸಿಕೊಂಡಳು. ಕಹಿಯಿದ್ದರೂ ಹುಡುಗಿ ಹಟ ಮಾಡದೆ ನುಂಗಿದಳು. ನುಂಗಿ, ಅಜ್ಜಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಆಯಿ, ಅವತ್ತ ನಾ ಆಟ ಆಡಿರಲಿಲ್ಲ. ಖರೇನ ಆಡಿರಲಿಲ್ಲ."

"ಗೊತ್ತಾತ ನಮ್ಮವ್ವಾ," ಅಂದಳು ಅತ್ತೆ. ಅಷ್ಟು ಜನರ ಮುಂದೆ ದವಾಖಾನೆಯಲ್ಲಿ ಅಳದವಳು ಆಗ ಬಾಯಿಬಿಟ್ಟು ಅತ್ತಳು.